ಓದುಗರ ಪ್ರಶ್ನೆ: ನಂದಿಬೆಟ್ಟದ ಮೇಲೆ ಊರು ಏಕೆ ಬೆಳೆಯಲಿಲ್ಲ?

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ನಂದಿಬೆಟ್ಟದ ಬಗ್ಗೆ ಪತ್ರಗಳು ಬರುವುದು ವಾಡಿಕೆ. ಈ ಸಲ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳಿಂದ ಬಂದಿವೆ. ಸೂರ್ಯೋದಯದ ಹೊತ್ತು, ವಾಹನ ನಿಲ್ಲಿಸುವ ಜಾಗ, ಊಟದ ವ್ಯವಸ್ಥೆ ವಿಚಾರಿಸಿದವರ ಪತ್ರಗಳನ್ನು ಬದಿಗಿಟ್ಟು, ಬೆಟ್ಟದ ಹಳೆಯ ಕಾಲದ ಬಗ್ಗೆ ಕೇಳಿದವರಿಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ. ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಬಾಲ್ಯ ಕಳೆದವನಾದ್ದರಿಂದ ಕೆಲವು ಕಡೆ ಉತ್ತರ ಉದ್ದವಾಗಿದೆ, ಓದುಗರು ಕ್ಷಮಿಸಬೇಕು.

ಪ್ರಶ್ನೆ: ನಂದಿಬೆಟ್ಟವನ್ನು ಗಿರಿಧಾಮ ಮಾಡಿದವನು ಟಿಪ್ಪು ಸುಲ್ತಾನ್ ಎಂದು ನಮ್ಮ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ಹೇಳಿದರು, ಇನ್ನೊಬ್ಬರು ಕಬ್ಬನ್ ಎಂದರು. ನಮ್ಮ ತಂದೆಯವರು, ಅದು ದೇವರ ಬೆಟ್ಟ, ಯಾರೂ ಮಾಡಿದ್ದಲ್ಲ ಎನ್ನುತ್ತಾರೆ. ಯಾರ ಮಾತು ಸರಿ? (ಚಿಕ್ಕಬಳ್ಳಾಪುರದ ವಿದ್ಯಾರ್ಥಿನಿ)

ಉತ್ತರ: ಕಾಲದ ಲೆಕ್ಕದಲ್ಲಿ ನಿಮ್ಮ ತಂದೆಯವರ ಮಾತಿಗೇ ಮೊದಲ ಸ್ಥಾನ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ ಶಾಸನಾಧಾರಗಳು ಒಂಬತ್ತನೆಯ ಶತಮಾನದ ಆರಂಭದವರೆಗೆ ಹಿಂದಕ್ಕೆ ಹೋಗುತ್ತವೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ನೊಳಂಬ ಅರಸನ ಹೆಸರೂ ಬರುವ ದಾಖಲೆ ಕ್ರಿ.ಶ. 806ರದು, ಬಾಣ ಅರಸರ ತಾಮ್ರಪಟಗಳು ಅದಾದ ಕೆಲವೇ ವರ್ಷಗಳ ನಂತರದವು. ಒಂದೇ ಪ್ರಾಕಾರದೊಳಗೆ ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ನಡುವೆ ಚಿಕ್ಕದಾಗಿ ಉಮಾಮಹೇಶ್ವರ ಹೀಗೆ ಮೂರು ಗುಡಿಗಳಿವೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಒಂದೊಂದು ಭಾಗ ಸೇರಿಸುತ್ತ ಬಂದಿದ್ದಾರೆ. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಮೇಲೆ ಬಳ್ಳಿಗಳ ನಡುವೆ ಕೂತ ಹಕ್ಕಿಗಳನ್ನು ನೋಡಲು ಬೆಳಗಿನ ಓರೆಬೆಳಕೇ ಬೇಕು. ನಡುಮಧ್ಯಾಹ್ನ ಹೋದವರಿಗೆ ಅಲ್ಲಿ ಬರೀ ಕರಿಕಲ್ಲು ಕಾಣುತ್ತದೆ.

ಬುಡದ ದೇವರು ಭೋಗನಂದೀಶ್ವರನಾದರೆ ತುದಿಯ ದೇವರು ಯೋಗನಂದೀಶ್ವರ. ಕೆಳಗೆ ಸಂಸಾರ, ಉತ್ಸವ, ತೇರು. ಮೇಲೆ ವೈರಾಗ್ಯ, ಏಕಾಂತ. ಕೆಳಗಿನ ಗುಡಿಯಲ್ಲಿ ಮದುವೆ ನಡೆಯುತ್ತವೆ, ಮೇಲಿನದರಲ್ಲಿ ನಡೆಯುವುದಿಲ್ಲ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. ಜನ ಬೆಟ್ಟವನ್ನು ಹೇಗೆ ಕಂಡಿದ್ದರು ಎಂಬುದಕ್ಕೆ ಈ ಎರಡು ಹೆಸರುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಹತ್ತಿ ದರ್ಶನ ಮಾಡಿ ಇಳಿದು ಬರುವ ಜಾಗವೇ ಹೊರತು ಅದು ಉಳಿದುಕೊಳ್ಳುವ ಜಾಗವಾಗಿರಲಿಲ್ಲ. ಊರು, ಸಂತೆ, ಶಿವರಾತ್ರಿಯ ತೇರು, ಹೆಸರಾದ ದನಗಳ ಜಾತ್ರೆ ಎಲ್ಲವೂ ಇಂದಿಗೂ ಕೆಳಗೇ ಇವೆ.

ಎರಡನೆಯ ಘಟ್ಟ ಕೋಟೆಯದು. ಆವತಿ ನಾಡಪ್ರಭುಗಳ ವಂಶದ ಚಿಕ್ಕಬಳ್ಳಾಪುರದ ಪಾಳೆಯಗಾರರಿಗೆ ನಂದಿದುರ್ಗವು ಕಷ್ಟಕಾಲಕ್ಕೆ ಓಡಿಹೋಗಿ ಸೇರಿಕೊಳ್ಳುವ ಆಸರೆಯಾಗಿತ್ತು. 1760ರ ದಶಕದ ಆರಂಭದಲ್ಲಿ ಹೈದರ್ ಅಲಿ ಚಿಕ್ಕಬಳ್ಳಾಪುರವನ್ನು ಗೆದ್ದ ಮೇಲೆ ದುರ್ಗ ಮೈಸೂರಿನದಾಯಿತು. ಬೆಟ್ಟದ ಉಳಿದ ದಿಕ್ಕುಗಳಲ್ಲಿ ಬಂಡೆಯೇ ಗೋಡೆಯಾಗಿ ನಿಂತಿರುವುದರಿಂದ, ಶತ್ರು ಹತ್ತಬಹುದಾದ ಪಶ್ಚಿಮದ ಮಗ್ಗುಲಿಗೆ ಮಾತ್ರ ಎರಡು ಸುತ್ತಿನ ಭದ್ರವಾದ ಗೋಡೆಯನ್ನು ಕಟ್ಟಲಾಯಿತು. ಮೂರನೆಯದಕ್ಕೆ ಬುನಾದಿಯನ್ನೂ ಹಾಕಲಾಗಿತ್ತು. ಆ ಬುನಾದಿಯೇ ಮುಂದೆ ಮುಳುವಾಯಿತು. 1791ರ ಸೆಪ್ಟೆಂಬರ್ ಕೊನೆಯಲ್ಲಿ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಒಂದು ಭಾಗ ದುರ್ಗಕ್ಕೆ ಮುತ್ತಿಗೆ ಹಾಕಿ, ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನು ಎಳೆದೊಯ್ದು, ಸುಮಾರು ಮೂರು ವಾರ ಹೊಡೆದು, ಹೊರಗೋಡೆಯಲ್ಲಿ ಬಿರುಕು ಮಾಡಿತು. ಏರಿಬಂದ ಸಿಪಾಯಿಗಳಿಗೆ, ಅರ್ಧಕ್ಕೇ ನಿಂತಿದ್ದ ಆ ಮೂರನೆಯ ಗೋಡೆಯ ಬುನಾದಿ ಅವಿತುಕೊಳ್ಳಲು ಮರೆಯಾಗಿ ಒದಗಿತು. ಅಕ್ಟೋಬರ್ 18ರ ರಾತ್ರಿ ಕಳೆದು 19ರ ಬೆಳಗು ಹರಿಯುವ ಮುನ್ನ ಚಂದ್ರೋದಯದ ಹೊತ್ತಿಗೆ ಲಗ್ಗೆ ನಡೆದು ಕೋಟೆ ಬಿತ್ತು. ಲಗ್ಗೆಯ ಹೊಣೆ ಹೊತ್ತಿದ್ದ ಜನರಲ್ ಮೆಡೋಸ್, ದಾರಿಯಲ್ಲಿ ಮದ್ದಿನ ಸುರಂಗವಿದೆಯಂತೆ ಎಂದು ಸಿಪಾಯಿಯೊಬ್ಬ ಪಿಸುಗುಟ್ಟಿದ್ದನ್ನು ಕೇಳಿ, ಇದ್ದರೆ ಅದು ಚಿನ್ನದ ಗಣಿಯೇ ಇರಬೇಕು ಎಂದನೆಂದು ಆ ಯುದ್ಧದ ಚರಿತ್ರೆಕಾರರು ದಾಖಲಿಸಿದ್ದಾರೆ. ಸುರಂಗಕ್ಕೂ ಗಣಿಗೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ ಹುಟ್ಟಿದ ಹಾಸ್ಯವದು. ಲಗ್ಗೆಯಲ್ಲಿ ಏರಿದವರಿಗೆ ಹೆಚ್ಚಿನ ಪೆಟ್ಟು ಬಿದ್ದದ್ದು ಗುಂಡಿನಿಂದಲ್ಲ, ಮೇಲಿನಿಂದ ಉರುಳಿಸಿದ ಬಂಡೆಗಳಿಂದ.

ಇಲ್ಲಿಯವರೆಗೆ ಬೆಟ್ಟದ ಮೇಲಿದ್ದವರು ಅರ್ಚಕರು ಮತ್ತು ಕಾವಲಿನವರು. ಟಿಪ್ಪುವಿನ ಬೇಸಿಗೆಯ ಮನೆಯೆಂದು ಈಗ ತೋರಿಸುವ ಕಟ್ಟಡ ಮೇಲೆ ಇದೆ, ನಿಜ. ಆದರೆ ಗಡಿ ಕಾಯುವ ದುರ್ಗದೊಳಗೆ ಅರಸನಿಗೊಂದು ಮನೆ ಇರುವುದಕ್ಕೂ, ಸೆಕೆ ತಾಳಲಾರದೆ ವರ್ಷಕ್ಕೊಮ್ಮೆ ಕಚೇರಿಯನ್ನೇ ಮೇಲೆ ಸಾಗಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ರೂಢಿಯನ್ನು ಇಲ್ಲಿಗೆ ತಂದವರು ಸರ್ ಮಾರ್ಕ್ ಕಬ್ಬನ್. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡು ಕಚೇರಿಯನ್ನು ಬೆಂಗಳೂರಿಗೆ ತಂದರು. 1834ರಿಂದ 1861ರವರೆಗೆ, ಅಂದರೆ ಇಪ್ಪತ್ತೇಳು ವರ್ಷ, ಕಬ್ಬನ್ ಇಲ್ಲಿನ ಕಮಿಷನರ್ ಆಗಿದ್ದರು. ಮದುವೆಯಾಗದ ಆ ಮನುಷ್ಯ ಬಿಸಿಲಿನ ತಿಂಗಳುಗಳನ್ನು ನಂದಿದುರ್ಗದ ತುದಿಯ ಬಂಗಲೆಯಲ್ಲಿ ಕಳೆಯುತ್ತಿದ್ದರು. ಅವರ ಕೈಕೆಳಗಿನ ಅಧಿಕಾರಿಗಳೂ ಹಿಂದೆಯೇ ಬಂದರು. ಇಂದು ಬೆಂಗಳೂರಿನ ರಸ್ತೆಯೊಂದಕ್ಕೆ ಹೆಸರಾಗಿರುವ ಕನ್ನಿಂಗ್‌ಹ್ಯಾಮ್ ಅವರಲ್ಲೊಬ್ಬರು. ಬೆಂಗಳೂರಿಗೆ ರೈಲು ಬಂದದ್ದೇ 1864ರಲ್ಲಿ. ಆದ್ದರಿಂದ ಕಬ್ಬನ್ನರ ಕಾಲದ ಆ ಪಯಣವೆಲ್ಲ ಕುದುರೆ, ಪಲ್ಲಕ್ಕಿ, ಎತ್ತಿನ ಗಾಡಿಗಳ ಮೇಲೆ ನಡೆಯಿತು. ಕಡತದ ಪೆಟ್ಟಿಗೆಗಳನ್ನೂ ಅಡುಗೆಯ ಪಾತ್ರೆಗಳನ್ನೂ ತಲೆಯ ಮೇಲೆ ಹೊತ್ತು ಹತ್ತಿದವರು ನಮ್ಮ ತಪ್ಪಲಿನ ಹಳ್ಳಿಗಳವರೇ ಇರಬೇಕು. ಅವರ ಹೆಸರಿನ ರಸ್ತೆ ಎಲ್ಲಿಯೂ ಇಲ್ಲ. ಕಬ್ಬನ್ 1861ರಲ್ಲಿ ಹುದ್ದೆ ಬಿಟ್ಟು ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು.

ಹಾಗಾಗಿ ನಿಮ್ಮ ಇಬ್ಬರು ಅಧ್ಯಾಪಕರಲ್ಲಿ ಕಬ್ಬನ್ ಎಂದವರ ಪಕ್ಷ ನನ್ನದು.

ಪ್ರಶ್ನೆ: ಊಟಿ, ಕೊಡೈಕೆನಾಲ್‌ಗಳು ದೊಡ್ಡ ಪಟ್ಟಣಗಳಾದವು. ಬೆಂಗಳೂರಿಗೆ ಅರವತ್ತೇ ಕಿಲೋಮೀಟರಿನಲ್ಲಿರುವ ನಂದಿಬೆಟ್ಟದ ಮೇಲೆ ಮಾತ್ರ ಕೆಲವು ಬಂಗಲೆ, ಒಂದು ತೋಟ, ಒಂದೆರಡು ಹೋಟೆಲುಗಳ ಆಚೆಗೆ ಏನೂ ಆಗಲಿಲ್ಲ. ಇದು ಸರ್ಕಾರದ ಉದಾಸೀನವಲ್ಲವೇ? (ಶಿಡ್ಲಘಟ್ಟದ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಉದಾಸೀನ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಇಲ್ಲಿ ಮೊದಲ ಕಾರಣ ನೀರು, ಎರಡನೆಯದು ನೆಲ, ಮೂರನೆಯದು ಬೆಂಗಳೂರು.

ನೀರಿನ ಮಾತು ಮೊದಲು. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಸುತ್ತಲ ಬಯಲಿನಿಂದ ಒಂಟಿಯಾಗಿ ಎದ್ದ ಬಂಡೆಯ ಗುಡ್ಡವದು. ಅದರ ತುದಿಗೆ ಮೇಲಿನಿಂದ ಹರಿದುಬರುವ ಹೊಳೆ ಇರಲು ಸಾಧ್ಯವೇ ಇಲ್ಲ. ಬಿದ್ದ ಮಳೆ, ಮಂಜಿನಿಂದ ಒಸರಿದ ತೇವ, ಬಂಡೆಯ ಸಂದಿನಲ್ಲಿ ಜಿನುಗುವ ಒರತೆ ಇಷ್ಟೇ ಅದರ ಆದಾಯ. ಆ ಆದಾಯವನ್ನು ಕೂಡಿಡುವ ಖಜಾನೆ ಅಮೃತ ಸರೋವರ. ನಾಲ್ಕೂ ಕಡೆಯಿಂದ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು, ತಳದಲ್ಲಿ ಹಸಿರು ನೀರು, ಮೆಟ್ಟಿಲ ಅಂಚಿನಲ್ಲಿ ಪಾಚಿ. ಒಮ್ಮೆ ಏಪ್ರಿಲ್ ಕೊನೆಯಲ್ಲಿ ಹೋಗಿದ್ದಾಗ ನೀರು ಇಳಿದು, ಹಿಂದಿನ ವಾರಗಳ ಮಟ್ಟವನ್ನು ತೋರಿಸುವ ಗೆರೆಗಳು ಕಲ್ಲಿನ ಮೇಲೆ ಒಂದರ ಕೆಳಗೊಂದು ಬಿದ್ದಿದ್ದವು, ಎಣಿಸಿದರೆ ಏಳು. ಕೋಟೆಯ ಕಾವಲಿನವರಿಗೂ ಕಮಿಷನರರ ಅಡುಗೆಮನೆಗೂ ಸಾಕಾದ ಈ ನೀರು ಸಾವಿರಾರು ಜನರ ಪಟ್ಟಣಕ್ಕೆ ಹೇಗೆ ಸಾಕಾದೀತು? ಊಟಿಯಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಮನೆ ಕಟ್ಟಿಸಿದ ಬೆನ್ನಿಗೇ ತೊರೆಗಳಿಗೆ ಅಡ್ಡಗಟ್ಟಿ ಕೆರೆಯನ್ನೇ ಮಾಡಿಸಿದ. ಅಲ್ಲಿ ಅಡ್ಡಗಟ್ಟಲು ತೊರೆಗಳಿದ್ದವು.

ನೆಲದ ಮಾತೂ ಹಾಗೆಯೇ. ಊಟಿ ಇರುವುದು ಹುಲ್ಲುಗಾವಲುಗಳ ವಿಶಾಲವಾದ ಪ್ರಸ್ಥಭೂಮಿಯ ಮೇಲೆ. ಅದರ ಎತ್ತರವೂ ಸುಮಾರು 2,240 ಮೀಟರ್. ನಂದಿಯ ತುದಿ ಕೋಟೆಯ ಗೋಡೆಯೊಳಗೆ ಮುಗಿಯುವ ಒಂದು ಓರೆಯಾದ ಬಂಡೆ. ಗೋಡೆ ದಾಟಿದರೆ ಪ್ರಪಾತ.

ಇನ್ನು ಬೆಂಗಳೂರು. ಅದರ ಎತ್ತರ ಸುಮಾರು 920 ಮೀಟರ್. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪು ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ನಂದಿಯ ಮೇಲೆ ಬೆಂಗಳೂರಿಗಿಂತ ಮೂರೂವರೆ ಡಿಗ್ರಿ ಕಡಿಮೆ. ಮದರಾಸಿನ ಸೆಕೆಯಲ್ಲಿ ಬೆಂದವನಿಗೆ ಬೆಂಗಳೂರೇ ಗಿರಿಧಾಮ. ಅಲ್ಲಿಂದ ಮೂರೂವರೆ ಡಿಗ್ರಿಗಾಗಿ ಬೆಟ್ಟ ಹತ್ತಬೇಕೆಂದು ಎಲ್ಲರಿಗೂ ಅನ್ನಿಸಲಿಲ್ಲ. ಮದರಾಸು ಸರ್ಕಾರ ತನ್ನ ಬೇಸಿಗೆಯ ಠಾಣ್ಯವನ್ನು ಊಟಿಗೆ ಒಯ್ದಿತು. ಮೈಸೂರು ಕಮಿಷನ್ನಿಗೆ ಅಂಥದೊಂದು ಒತ್ತಾಯವಿರಲಿಲ್ಲ. ನಂದಿಯ ಬೇಸಿಗೆ ಒಬ್ಬ ಹಿರಿಯ ಅಧಿಕಾರಿಯ ಅಭ್ಯಾಸವಾಗಿತ್ತು. ಆ ಅಧಿಕಾರಿ ಹೋದ ಮೇಲೆ ಬಂಗಲೆ ಉಳಿಯಿತು, ಬೇಸಿಗೆಯ ಸಡಗರ ಇಳಿಯಿತು.

ರೈಲು ಬಂದಾಗ ಎರಡನೆಯ ಅವಕಾಶವೊಂದಿತ್ತು. ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿಯೇ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಬೆಂಗಳೂರು ಕಡೆಯಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಕಿರಿಹಳಿ ಬಿದ್ದದ್ದು ಅದೇ ವರ್ಷಗಳಲ್ಲಿ. ನಂದಿಗೂ ಒಂದು ನಿಲ್ದಾಣವಾಯಿತು. ಕಲ್ಲುಗೋಡೆಯ ಆ ಪುಟ್ಟ ಕಟ್ಟಡವನ್ನು ಈಚೆಗೆ ದುರಸ್ತಿ ಮಾಡಿ ಚೆನ್ನಾಗಿಟ್ಟಿದ್ದಾರೆ. ಆದರೆ ಆ ರೈಲಿನಿಂದ ಲಾಭವಾದದ್ದು ಬೆಟ್ಟದ ತುದಿಗಲ್ಲ, ನಿಮ್ಮ ಶಿಡ್ಲಘಟ್ಟದ ರೇಷ್ಮೆಗೂ ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮಂಡಿಗಳಿಗೂ. ಕೋಲಾರದವರೆಗಿನ ಆ ಹಳಿ ಅಗಲವಾಗಿ ಮತ್ತೆ ರೈಲು ಓಡತೊಡಗಿದ್ದು 2013ರಲ್ಲಿ.

ನನ್ನನ್ನು ಕೇಳಿದರೆ, ಪಟ್ಟಣವಾಗದೆ ಉಳಿದದ್ದು ಬೆಟ್ಟದ ಅದೃಷ್ಟ. ಬಹುಕಾಲ ರಾಜ್ಯದ ತೋಟಗಾರಿಕೆ ಇಲಾಖೆಯ ಕೈಯಲ್ಲಿದ್ದುದರಿಂದ ತುದಿಯ ಮರಗಳ ಗುಂಪು ಉಳಿದುಕೊಂಡಿದೆ. ನೀಲಗಿರಿ ಬೆಟ್ಟಗಳ ಕಾಡುಪಾರಿವಾಳ ಪಶ್ಚಿಮ ಘಟ್ಟದಿಂದ ಇಷ್ಟು ದೂರದ ಈ ಒಂಟಿ ಗುಡ್ಡದಲ್ಲಿ ಕಾಣಿಸಿಕೊಳ್ಳುವುದೂ, ಬಂಡೆಯ ಇಳಿಜಾರಿನ ಕುರುಚಲಿನಲ್ಲಿ ಹಳದಿ ಕತ್ತಿನ ಪಿಕಳಾರ ಸಿಗುವುದೂ ಆ ಕಾರಣದಿಂದಲೇ. ವಾರಾಂತ್ಯದ ನಸುಕಿನಲ್ಲಿ ಕಾರುಗಳ ಸಾಲನ್ನು ಕಂಡರೆ ಆ ಅದೃಷ್ಟ ಎಷ್ಟು ದಿನವೋ ಎನ್ನಿಸುತ್ತದೆ, ಅದು ಬೇರೆ ಮಾತು.

ಪ್ರಶ್ನೆ: ನಮ್ಮ ಮನೆಯಲ್ಲಿರುವ ಮುತ್ತಜ್ಜನ ಕಾಲದ ಒಂದು ಕಾಗದದಲ್ಲಿ ‘ನಂದಿದುರ್ಗ ಡಿವಿಜನ್, ತುಮಕೂರು ಡಿಸ್ಟ್ರಿಕ್ಟ್’ ಎಂದು ಬರೆದಿದೆ. ತುಮಕೂರಿಗೂ ನಂದಿಗೂ ಏನು ಸಂಬಂಧ? ನಮ್ಮ ಹಿರಿಯರು ಅಲ್ಲಿಂದ ವಲಸೆ ಬಂದವರೇ? (ತುಮಕೂರಿನ ವ್ಯಾಪಾರಿ)

ಉತ್ತರ: ವಲಸೆಯ ಕಥೆ ಕಟ್ಟಿಕೊಳ್ಳಬೇಕಿಲ್ಲ. ಕಬ್ಬನ್ನರ ನಂತರ ಬಂದ ಲೆವಿನ್ ಬೌರಿಂಗ್ 1862ರಿಂದ 1870ರವರೆಗೆ ಕಮಿಷನರ್ ಆಗಿದ್ದಾಗ ಮೈಸೂರು ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗಗಳಾಗಿ ಹಂಚಲಾಯಿತು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ನಂದಿದುರ್ಗ ವಿಭಾಗವಾದವು. ನಿಮ್ಮ ಕಾಗದ ಆ ಕಾಲದ್ದು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ವಿಭಾಗಕ್ಕೆ ಬೆಂಗಳೂರಿನ ಹೆಸರನ್ನೇ ಇಡಬಹುದಾಗಿದ್ದರೂ ಬೆಟ್ಟದ ಹೆಸರನ್ನಿಟ್ಟದ್ದು ಅಂದಿನ ಅಧಿಕಾರಿಗಳ ಮನಸ್ಸಿನಲ್ಲಿ ನಂದಿದುರ್ಗಕ್ಕಿದ್ದ ಸ್ಥಾನವನ್ನು ತೋರಿಸುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಹತ್ತಿರ ಇಂದಿಗೂ ನಂದಿದುರ್ಗ ರಸ್ತೆ ಇದೆ. ಬೆಟ್ಟದಿಂದ ಬಹುದೂರದ ಕೋಲಾರ ಚಿನ್ನದ ಗಣಿ ಪ್ರದೇಶದ ದೊಡ್ಡ ಗಣಿಗಳಲ್ಲೊಂದಕ್ಕೂ ನಂದಿದುರ್ಗವೆಂದೇ ಹೆಸರಿತ್ತು. ಮೆಡೋಸನ ಹಾಸ್ಯ ಹೀಗೆ ನೂರು ವರ್ಷ ಕಳೆದು ಬೇರೊಂದು ಜಾಗದಲ್ಲಿ ನಿಜವಾಯಿತು. ಅಂದಹಾಗೆ, ಬೆಟ್ಟ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು 2007ರಲ್ಲಿ, ಹೊಸ ಜಿಲ್ಲೆ ರಚನೆಯಾದಾಗ. ಹಳೆಯ ಪುಸ್ತಕಗಳಲ್ಲಿ ನಂದಿಯನ್ನು ಹುಡುಕುವವರು ಕೋಲಾರದ ಪುಟಗಳಲ್ಲಿ ಹುಡುಕಬೇಕು.

ಪ್ರಶ್ನೆ: ನೀಲಗಿರಿ ಮರವನ್ನು ಇಂಡಿಯಾಕ್ಕೆ ತಂದವನು ಟಿಪ್ಪು ಸುಲ್ತಾನ್, ಮೊದಲು ನೆಟ್ಟದ್ದು ನಂದಿಬೆಟ್ಟದಲ್ಲಿ ಎಂದು ಓದಿದೆ. ನಮ್ಮ ಬೋರ್‌ವೆಲ್ ಒಣಗಿಸಿದ ಮರದ ಮೂಲ ಇಷ್ಟು ಹತ್ತಿರವೇ? (ಮಾಲೂರಿನ ರೈತರು)

ಉತ್ತರ: ಅರಣ್ಯ ಶಾಸ್ತ್ರದ ಬರಹಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: 1790ರ ಸುಮಾರಿಗೆ ಟಿಪ್ಪು ನಂದಿಯ ತನ್ನ ತೋಟದಲ್ಲಿ ನೀಲಗಿರಿ ನೆಡಿಸಿದ, ಹದಿನಾರು ಜಾತಿಗಳ ಬೀಜ ತರಿಸಿದ್ದ ಎಂದು. ಕಾಲವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ. ಆಸ್ಟ್ರೇಲಿಯಾದಲ್ಲಿ ಬ್ರಿಟಿಷರ ಮೊದಲ ವಸಾಹತು ನೆಲೆಯಾದದ್ದು 1788ರ ಜನವರಿಯಲ್ಲಿ. ನೀಲಗಿರಿಗೆ ಸಸ್ಯಶಾಸ್ತ್ರದ ಹೆಸರು ಬಿದ್ದದ್ದೂ ಅದೇ ವರ್ಷ. ನಂದಿಕೋಟೆ ಬಿದ್ದದ್ದು 1791ರ ಅಕ್ಟೋಬರಿನಲ್ಲಿ. ಮೂರು ಮುಕ್ಕಾಲು ವರ್ಷದೊಳಗೆ, ತನ್ನ ಶತ್ರುಗಳೇ ಹೊಸದಾಗಿ ಕಾಲಿಟ್ಟಿದ್ದ ನೆಲದಿಂದ, ಒಂದಲ್ಲ ಎರಡಲ್ಲ ಹದಿನಾರು ಜಾತಿಯ ಬೀಜ ಶ್ರೀರಂಗಪಟ್ಟಣಕ್ಕೆ ತಲುಪಿ, ಅಲ್ಲಿಂದ ಬೆಟ್ಟ ಹತ್ತಬೇಕಿತ್ತು. ಟಿಪ್ಪುವಿಗೆ ಗಿಡಮರಗಳ ಮೇಲೆ ಇದ್ದ ಆಸೆಯಲ್ಲಿ ಸಂದೇಹವಿಲ್ಲ. ಹೊರದೇಶಗಳಿಂದ ಬೀಜ, ಸಸಿ ತರಿಸುತ್ತಿದ್ದ, ಲಾಲ್‌ಬಾಗ್ ಅದಕ್ಕೆ ಸಾಕ್ಷಿ. ಹಾಗಿದ್ದರೂ ಹದಿನಾರರ ಲೆಕ್ಕವನ್ನು ನಾನು ಒಪ್ಪಲಾರೆ.

ನಿಮ್ಮ ಹೊಲದ ಮರಕ್ಕೂ ನಂದಿಗೂ ಸಂಬಂಧವಿರುವುದು ಮಾತ್ರ ನಿಜ. ಮೈಸೂರು ಗಮ್ ಎಂದು ಅರಣ್ಯ ಇಲಾಖೆಯವರು ಕರೆಯುವ, ಒಣಭೂಮಿಗೆ ಒಗ್ಗುವ ಮಿಶ್ರತಳಿಯ ಮೂಲವನ್ನು ನಂದಿಬೆಟ್ಟದ ಹಳೆಯ ಮರಗಳಿಗೇ ಗುರುತಿಸುತ್ತಾರೆ. ಅದನ್ನು ಕೋಲಾರ, ಬೆಂಗಳೂರು, ತುಮಕೂರು ಸೀಮೆಯ ಬಯಲುಗಳಿಗೆ ಹಬ್ಬಿಸಿದ್ದು ಇಪ್ಪತ್ತನೆಯ ಶತಮಾನದ ಯೋಜನೆಗಳು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೋರ್‌ವೆಲ್ ಬತ್ತಿದ ಪಾಪವನ್ನೆಲ್ಲ ಸುಲ್ತಾನನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನ ಕಾಲದಲ್ಲಿ ಸಾವಿರ ಅಡಿಗೆ ಕೊರೆಯುವ ಯಂತ್ರವಿರಲಿಲ್ಲ.

ಪ್ರಶ್ನೆ: ಐದು ನದಿಗಳು ನಂದಿಯಲ್ಲಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಕಲಿತೆವು. ಬೆಟ್ಟಕ್ಕೆ ಹೋದರೆ ಒಂದೂ ಕಾಣುವುದಿಲ್ಲ. (ಗೌರಿಬಿದನೂರಿನ ಗೃಹಿಣಿ)

ಉತ್ತರ: ಹುಟ್ಟುವುದು ಒಂದೇ ಬೆಟ್ಟದ ತುದಿಯಲ್ಲಲ್ಲ, ನಂದಿ ಮತ್ತು ಅದರ ನೆರೆಯ ಬೆಟ್ಟಗಳ ಸಾಲಿನಲ್ಲಿ. ಮನೆಯ ಸೂರಿನ ಮೇಲೆ ಬಿದ್ದ ಮಳೆ ಎರಡು ಮೂರು ಕಡೆಗೆ ಇಳಿಯುವಂತೆ ಇಲ್ಲಿನ ನೀರೂ ಹಂಚಿಹೋಗುತ್ತದೆ. ನಿಮ್ಮ ಊರಿನ ಪಕ್ಕದಲ್ಲಿ ಹರಿಯುವ ಉತ್ತರ ಪಿನಾಕಿನಿ ಆಂಧ್ರವನ್ನು ದಾಟಿ ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ; ಚಿತ್ರಾವತಿ, ಪಾಪಾಗ್ನಿಗಳು ಮುಂದೆ ಅದನ್ನೇ ಕೂಡುತ್ತವೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿಯುತ್ತದೆ. ಪಾಲಾರ್ ಕೋಲಾರ ಜಿಲ್ಲೆಯ ಬೇತಮಂಗಲದ ಮೇಲೆ ಅತ್ತಲೇ ಹೋಗುತ್ತದೆ. ಅರ್ಕಾವತಿಯೊಂದು ನೈಋತ್ಯಕ್ಕೆ ತಿರುಗಿ ಕಾವೇರಿಯ ಪಾಲಾಗುತ್ತದೆ. ಬೆಂಗಳೂರಿಗೆ 1896ರಲ್ಲಿ ಕೊಳಾಯಿ ನೀರು ಬಂದದ್ದು ಆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಅದರದ್ದೇ. ತುದಿಯಲ್ಲಿ ಒಂದು ಪಟ್ಟಣಕ್ಕೆ ಸಾಲದ ನೀರು ಬುಡದಲ್ಲಿ ಕೂಡಿಕೊಂಡು ಒಂದು ರಾಜಧಾನಿಯನ್ನು ಕೆಲವು ದಶಕ ಸಾಕಿತು. ಈಗ ಈ ನದಿಗಳ ಪಾತ್ರ ವರ್ಷದ ಹೆಚ್ಚಿನ ಕಾಲ ಮರಳು ಮತ್ತು ಜಾಲಿ. ಭೋಗನಂದೀಶ್ವರನ ಗುಡಿಯ ಶೃಂಗಿತೀರ್ಥವನ್ನು ದಕ್ಷಿಣ ಪಿನಾಕಿನಿಯ ಮೂಲವೆಂದು ಪುರಾಣ ಹೇಳುತ್ತದೆ. ಕಣ್ಣಿಗೆ ಕಾಣುವ ಮೂಲವೇ ಬೇಕೆಂದರೆ ಅಲ್ಲಿಗೆ ಹೋಗಿ.

ಪ್ರಶ್ನೆ: ಗಾಂಧೀಜಿ ನಂದಿಬೆಟ್ಟದಲ್ಲಿ ಇದ್ದದ್ದು ಯಾವಾಗ? ಹಳೆಯ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ಕ್ರಮವಾಗಿ ನೋಡಲು ದಾರಿ ಹೇಳಿ. (ಚಿಂತಾಮಣಿಯ ಪ್ರೌಢಶಾಲಾ ಶಿಕ್ಷಕಿ, ಮಕ್ಕಳ ಪ್ರವಾಸಕ್ಕಾಗಿ)

ಉತ್ತರ: ಎರಡು ಸಲ. 1927ರ ಮಾರ್ಚ್ ಕೊನೆಯಲ್ಲಿ ಪ್ರವಾಸದಲ್ಲಿದ್ದಾಗ ಅವರ ಆರೋಗ್ಯ ಕುಸಿಯಿತು. ವೈದ್ಯರು ಕಡ್ಡಾಯವಾಗಿ ವಿಶ್ರಾಂತಿ ಹೇಳಿದ್ದರಿಂದ ಏಪ್ರಿಲಿನಲ್ಲಿ ನಂದಿಗೆ ಬಂದು ಜೂನ್ ಮೊದಲ ವಾರದವರೆಗೆ, ಅಂದರೆ ಸುಮಾರು ಒಂದೂವರೆ ತಿಂಗಳು, ಇಲ್ಲಿದ್ದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿಗೆ ಹೋದರು. ಎರಡನೆಯ ಸಲ 1936ರ ಮೇ ತಿಂಗಳಲ್ಲಿ ಬಂದಾಗ ಸರ್ದಾರ್ ಪಟೇಲರೂ ಜೊತೆಗಿದ್ದರು, ಸರ್ ಸಿ.ವಿ. ರಾಮನ್ ಬೆಟ್ಟಕ್ಕೆ ಹೋಗಿ ಅವರನ್ನು ಕಂಡದ್ದು ಆಗಲೇ. ಗಾಂಧಿ ನಿಲಯ ಎಂಬ ಹೆಸರು ಅವರ ಆ ವಾಸ್ತವ್ಯದ ನೆನಪು. ದೊರೆಗಳ ಬೇಸಿಗೆಗೆ ಎದ್ದ ಬಂಗಲೆಗಳ ಬೆಟ್ಟದಲ್ಲಿಯೇ, ದೊರೆತನ ಹೋಗಬೇಕೆಂದವರು ಚೇತರಿಸಿಕೊಂಡರು. 1986ರ ನವೆಂಬರಿನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ದೇಶನಾಯಕರೂ ಇಲ್ಲಿಗೆ ಬಂದು ಹೋದರು.

ಇನ್ನು ದಾರಿ. ಮಕ್ಕಳನ್ನು ಬಸ್ಸಿನಲ್ಲಿ ನೇರವಾಗಿ ತುದಿಗೆ ಕರೆದೊಯ್ಯಬೇಡಿ. ಹಾಗೆ ಮಾಡಿದರೆ ಚರಿತ್ರೆ ಹಿಂದುಮುಂದಾಗುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ನಂದಿ ಗ್ರಾಮದ ಭೋಗನಂದೀಶ್ವರನಲ್ಲಿ ಶುರುಮಾಡಿ. ಕಲ್ಯಾಣ ಮಂಟಪದ ಹಕ್ಕಿಗಳನ್ನು ಎಣಿಸಲು ಹೇಳಿದರೆ ಅರ್ಧ ಗಂಟೆ ಗಲಾಟೆ ಇರುವುದಿಲ್ಲ. ಅಲ್ಲಿಂದ ಸುಲ್ತಾನ್‌ಪೇಟೆಗೆ ಬಂದು ಹಳೆಯ ಮೆಟ್ಟಿಲುದಾರಿ ಹಿಡಿಯಿರಿ. ದಾರಿ ಕಡಿದಾಗಿದೆ, ನೀರಿನ ಬಾಟಲಿ ಬೇಕು, ಕೋತಿಗಳಿರುವುದರಿಂದ ತಿಂಡಿಯ ಪೊಟ್ಟಣ ಚೀಲದೊಳಗೇ ಇರಬೇಕು. ನಡುನಡುವೆ ಸವೆದ ಮೆಟ್ಟಿಲುಗಳು ಮಧ್ಯದಲ್ಲಿ ಬಟ್ಟಲಿನಂತೆ ತಗ್ಗಾಗಿವೆ, ಮಳೆಯ ಮರುದಿನ ಅವುಗಳಲ್ಲಿ ನೀರು ನಿಂತಿರುತ್ತದೆ. ಕೋಟೆಯ ಬಾಗಿಲು ಸಮೀಪಿಸಿದಾಗ ಮಕ್ಕಳನ್ನು ನಿಲ್ಲಿಸಿ ಗೋಡೆಯನ್ನು ಮುಟ್ಟಿ ನೋಡಲು ಹೇಳಿ: ಕೆಳಗೆ ಆಳೆತ್ತರದ ದಪ್ಪ ಕಲ್ಲು, ಅದರ ಮೇಲೆ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ, ಅದರಲ್ಲಿ ಬಂದೂಕಿನ ಕಿಂಡಿಗಳು. ಒಂದು ಕಿಂಡಿಗೆ ಕಣ್ಣಿಟ್ಟರೆ ಈಗತಾನೆ ತಾವು ಹತ್ತಿಬಂದ ಮೆಟ್ಟಿಲುಗಳೇ ಕಾಣುತ್ತವೆ. 1791ರ ಆ ರಾತ್ರಿಯನ್ನು ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೇಲೆ ಯೋಗನಂದೀಶ್ವರ, ಬಂಗಲೆಗಳು, ಗಾಂಧಿ ನಿಲಯ. ಟಿಪ್ಪು ಡ್ರಾಪ್ ಎಂಬ ಪ್ರಪಾತದ ಬಳಿ, ಕೈದಿಗಳನ್ನು ಇಲ್ಲಿಂದ ತಳ್ಳುತ್ತಿದ್ದರು ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಥೆಯೆಂದು ಕೇಳಿಸಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ ಎಂದು ಮಕ್ಕಳಿಗೆ ಎಚ್ಚರಿಸಿ. ಕೊನೆಗೆ ಅಮೃತ ಸರೋವರ. ಮಕ್ಕಳನ್ನು ಕೆಳಗಿಳಿಸದೆ ಮೇಲಿನ ಮೆಟ್ಟಿಲಿನಲ್ಲೇ ಕೂರಿಸಿ, ಕಲ್ಲಿನ ಮೇಲಿನ ನೀರಿನ ಗೆರೆಗಳನ್ನು ಎಣಿಸಲು ಹೇಳಿ. ನಾನು ಎಣಿಸಿದಾಗ ಏಳಿದ್ದವು; ನಿಮ್ಮ ಮಕ್ಕಳಿಗೆ ಎಷ್ಟು ಸಿಕ್ಕವು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ.